ಮೋಟಾರ್ ಬೋಟ್ ಸ್ಟೀರಿಂಗ್ ಬಿಗಿಯಾದರೆ, ಸಡಿಲವಾದರೆ: ಹಳೆಯ ಕೇಬಲ್‌ನ ದೋಷ ಪತ್ತೆ ಮತ್ತು ಬದಲಾವಣೆ

ಹಳೆಯ ಬೋಟ್‌ನ ಸ್ಟೀರಿಂಗ್ ಬಿಗಿಯಾಯಿತೆಂದರೆ ಹೆಚ್ಚಿನ ಜನ ಮೊದಲು ಮಾಡುವುದು ಹೊಸ ಕೇಬಲ್ ತರಿಸುವುದು. ಎಷ್ಟೋ ಸಲ ಅದನ್ನು ಹಾಕಿದ ಮೇಲೂ ಚಕ್ರ ಅಲ್ಲಾಡುವುದಿಲ್ಲ. ಯಾಕೆಂದರೆ ಕೆಟ್ಟಿದ್ದು ಕೇಬಲ್ ಅಲ್ಲ, ಅದು ಹಾದುಹೋಗುವ ಎಂಜಿನ್‌ನ ಟಿಲ್ಟ್ ಟ್ಯೂಬ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಹಾಗಾಗಿ ಈ ಕೈಪಿಡಿಯಲ್ಲಿ ಬದಲಾಯಿಸುವ ಕೆಲಸ ಕೊನೆಗೆ ಬರುತ್ತದೆ. ಕಾಸು ಖರ್ಚಿಲ್ಲದ ಪರೀಕ್ಷೆಗಳು ಮೊದಲು.

ಇಲ್ಲಿ ಹೇಳುವುದು ಕೇಬಲ್‌ನಿಂದ ನಡೆಯುವ ಸ್ಟೀರಿಂಗ್ ಬಗ್ಗೆ ಮಾತ್ರ. ಎಂಜಿನ್ ಮುಂದೆ ಎಣ್ಣೆಯ ಎರಡು ಹೋಸ್‌ಗಳೂ ಒಂದು ಸಿಲಿಂಡರೂ ಕಂಡರೆ ನಿಮ್ಮದು ಹೈಡ್ರಾಲಿಕ್. ಅದರ ರೋಗವೂ ಬೇರೆ, ಮದ್ದೂ ಬೇರೆ.

ಮೊದಲು ವ್ಯವಸ್ಥೆಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಚಕ್ರದ ಹಿಂದೆ ಹೆಲ್ಮ್ ಎಂಬ ಗೇರ್ ಪೆಟ್ಟಿಗೆ. ಅಲ್ಲಿಂದ ಹೊರಡುವ ಕೇಬಲ್‌ಗೆ ಹೊರಗೆ ಪ್ಲಾಸ್ಟಿಕ್ ಕವಚ, ಒಳಗೆ ತಳ್ಳುವುದಕ್ಕೂ ಎಳೆಯುವುದಕ್ಕೂ ಒದಗುವ ಉಕ್ಕಿನ ತಂತಿ. ಹಿಂತುದಿಯಲ್ಲಿ ಆ ತಂತಿಗೆ ಸೇರಿಕೊಂಡ ದಪ್ಪ ಸ್ಟೀಲ್ ಸರಳು, ಅಂದರೆ ರ‍್ಯಾಮ್. ಔಟ್‌ಬೋರ್ಡ್‌ಗಳಲ್ಲಿ, ಅಂದರೆ ಬೋಟ್‌ನ ಹಿಂಬದಿಗೆ ಹೊರಗಡೆ ಕೂರಿಸಿದ ಎಂಜಿನ್‌ಗಳಲ್ಲಿ, ಅದರ ವ್ಯಾಸ ಸಾಮಾನ್ಯವಾಗಿ 5/8 ಇಂಚು. ಅದು ಎಂಜಿನ್ ಎತ್ತಿ ಇಳಿಸುವ ಕೀಲಿನೊಳಗಿನ ಟೊಳ್ಳು ಕೊಳವೆಯಲ್ಲಿ, ಅಂದರೆ ಟಿಲ್ಟ್ ಟ್ಯೂಬ್‌ನಲ್ಲಿ, ಸುಮಾರು 9 ಇಂಚಿನಷ್ಟು ಹಿಂದೆ ಮುಂದೆ ಓಡಾಡುತ್ತದೆ. ಸರಳಿನ ತುದಿಯನ್ನು ಎಂಜಿನ್‌ನ ತೋಳಿಗೆ ಜೋಡಿಸುವ ಚಿಕ್ಕ ಕಂಬಿಯೇ ಡ್ರ್ಯಾಗ್ ಲಿಂಕ್. ಎಂಜಿನ್ ಎಡಕ್ಕೆ ಬಲಕ್ಕೆ ತಿರುಗುವುದು ಸ್ವಿವೆಲ್ ಎಂಬ ಲಂಬ ಕೀಲಿನ ಮೇಲೆ. ಹೆಲ್ಮ್, ಕೇಬಲ್, ಟಿಲ್ಟ್ ಟ್ಯೂಬ್, ಸ್ವಿವೆಲ್ ಎಂಬ ನಾಲ್ಕು ಕಡೆ ಬಿಟ್ಟರೆ ಬಿಗಿತ ಹುಟ್ಟಲು ಬೇರೆ ಜಾಗವಿಲ್ಲ. ಒಂದೊಂದನ್ನೇ ಬೇರ್ಪಡಿಸಿ ನೋಡಿದರೆ ಕಳ್ಳ ಸಿಕ್ಕೇ ಸಿಗುತ್ತಾನೆ.

ಕೈ ಹಾಕುವ ಮುನ್ನ

ಬೋಟ್ ಟ್ರೈಲರ್ ಮೇಲೋ ಗಟ್ಟಿಯಾಗಿ ಕಟ್ಟಿದ ಜಾಗದಲ್ಲೋ ಇರಲಿ. ಕೀ ತೆಗೆದು ಜೇಬಿಗೆ ಹಾಕಿ, ಕಿಲ್ ಸ್ವಿಚ್‌ನ (ಎಂಜಿನ್ನನ್ನು ತಟ್ಟನೆ ನಿಲ್ಲಿಸುವ ಸ್ವಿಚ್) ದಾರ ಕಳಚಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಎಂಜಿನ್ ಎತ್ತಿ ಕೆಲಸ ಮಾಡುವುದಾದರೆ ಅದರ ಟಿಲ್ಟ್ ಲಾಕ್ ಹಾಕಿ. ಹೈಡ್ರಾಲಿಕ್ ಟಿಲ್ಟ್ ಒಂದನ್ನೇ ನಂಬಿ ಕೆಳಗೆ ಕೈ ಇಡಬೇಡಿ. ಒಳಗೆ ಎಂಜಿನ್ ಇರುವ ಪೆಟ್ರೋಲ್ ಬೋಟ್‌ನಲ್ಲಿ ಎಂಜಿನ್ ಕೋಣೆಯ ಮುಚ್ಚಳ ತೆರೆದು ಗಾಳಿಯಾಡಲು ಬಿಟ್ಟು, ಮೂಗಿಗೆ ಪೆಟ್ರೋಲ್ ವಾಸನೆ ಬಾರದಿದ್ದರೆ ಮಾತ್ರ ಮುಂದುವರಿಯಿರಿ. ಮತ್ತೆ ಚಾಲೂ ಮಾಡುವ ಮುನ್ನ ಬ್ಲೋವರ್, ಅಂದರೆ ಎಂಜಿನ್ ಕೋಣೆಯ ಗಾಳಿ ಹೊರದೂಡುವ ಫ್ಯಾನ್, ಕನಿಷ್ಠ 4 ನಿಮಿಷ ಓಡಲಿ.

ಚಕ್ರ ಬಿಗಿಯಾಗಿದೆ, ಅಥವಾ ತಿರುಗುವುದೇ ಇಲ್ಲ

ಎಲ್ಲಕ್ಕಿಂತ ಹೆಚ್ಚಾಗಿ ಬರುವ ದೂರು ಇದೇ. ತಿಂಗಳುಗಟ್ಟಲೆ ನಿಂತಿದ್ದ ಬೋಟ್‌ನಲ್ಲಂತೂ ಖಂಡಿತ.

ಒಂದು ಮಾತು ಮೊದಲೇ: ಬಿಗಿಯಾದ ಚಕ್ರವನ್ನು ಬಲ ಹಾಕಿ ತಿರುಗಿಸಬೇಡಿ. ಚಕ್ರದ ಅಂಚಿನಲ್ಲಿ ನೀವು ಹಾಕುವ ಬಲ ಗೇರಿನ ಮೂಲಕ ಹಲವು ಪಟ್ಟಾಗಿ ಕೇಬಲ್‌ಗೆ ತಲುಪುತ್ತದೆ. ಟ್ಯೂಬ್‌ನಲ್ಲಿ ರ‍್ಯಾಮ್ ಕಚ್ಚಿಕೊಂಡಿದ್ದರೆ ಒಳತಂತಿ ಬಾಗುತ್ತದೆ, ಇಲ್ಲವೇ ಹೆಲ್ಮ್‌ನ ಹಲ್ಲು ಮುರಿಯುತ್ತದೆ. ಒಂದು ರಿಪೇರಿ ಇದ್ದದ್ದು ಮೂರಾಗುತ್ತದೆ.

ಕಣ್ಣಿನ ಪರೀಕ್ಷೆ ಮೊದಲು. ಚಕ್ರದಿಂದ ಹಿಂಬದಿಯವರೆಗೆ ಕೇಬಲ್‌ನ ದಾರಿಯನ್ನು ಕೈಯಿಂದ ಸವರಿಕೊಂಡು ಹೋಗಿ. ಇಂಧನದ ಕ್ಯಾನ್, ಬ್ಯಾಟರಿ ಪೆಟ್ಟಿಗೆ, ಆಂಕರ್ ಏನಾದರೂ ಅದನ್ನು ಒತ್ತಿಹಿಡಿದಿದೆಯೇ? ಯಾರೋ ವೈರ್‌ಗಳ ಜೊತೆ ಸೇರಿಸಿ ಪ್ಲಾಸ್ಟಿಕ್ ಟೈ ಬಿಗಿದಿದ್ದಾರೆಯೇ? 8 ಇಂಚಿಗಿಂತ ಕಡಿಮೆ ತ್ರಿಜ್ಯದ ತಿರುವು ಎಲ್ಲಾದರೂ ಇದೆಯೇ? ಅಂಥ ಕಡೆ ಒಳತಂತಿ ಕವಚದ ಗೋಡೆಗೆ ಉಜ್ಜುತ್ತದೆ. ಹೊಸ ಕೇಬಲ್ ಕೂಡ ಬಿಗಿಯಾಗುತ್ತದೆ. ಎಂಜಿನ್ ಬದಿಯಲ್ಲಿ ಸ್ಟೀರಿಂಗ್ ಘರ್ಷಣೆ ಹೊಂದಿಸುವ ಸ್ಕ್ರೂ ಅಥವಾ ಹಿಡಿ ಇದ್ದರೆ ಅದನ್ನು ಸಡಿಲಿಸಿ ನೋಡಿ. ಕೈಹಿಡಿಯಿಂದ ನಡೆಸುತ್ತಿದ್ದ ಎಂಜಿನ್‌ಗೆ ಆಮೇಲೆ ಚಕ್ರ ಜೋಡಿಸಿದ್ದರೆ ಈ ಸ್ಕ್ರೂ ಬಿಗಿಯಾಗಿಯೇ ಉಳಿದಿರುವುದು ಮಾಮೂಲು.

ಸವರುವಾಗ ಬೆರಳಿಗೆ ಇನ್ನೊಂದು ವಿಷಯ ತಿಳಿಯುತ್ತದೆ. ಕವಚ ಎಲ್ಲೋ ಒಂದು ಕಡೆ ಉಬ್ಬಿದ್ದರೆ, ಹಾವು ಇಲಿ ನುಂಗಿದ ಹಾಗೆ ಗಂಟು ಕಂಡರೆ, ಒಳಗಿನ ಉಕ್ಕು ತುಕ್ಕು ಹಿಡಿದು ಊದಿಕೊಂಡಿದೆ ಎಂದೇ ಅರ್ಥ. ಸೀಳು ಬಿಟ್ಟು ಕಂದು ನೀರು ಒಸರಿದ ಕಲೆ ಇದ್ದರೂ ಅಷ್ಟೇ. ಇನ್ನು ಯಾವ ಪರೀಕ್ಷೆಯೂ ಬೇಡ, ಆ ಕೇಬಲ್‌ನ ಆಯುಸ್ಸು ಮುಗಿದಿದೆ. ಟೇಪ್ ಸುತ್ತಿದರೆ ನೀರು ಹೊರಗೆ ಹೋಗಲಾರದೆ ಒಳಗೇ ಕೂರುತ್ತದೆ. ಕವಚದೊಳಗೆ ಎಣ್ಣೆ, ಸ್ಪ್ರೇ ಬಿಡುವುದೂ ವ್ಯರ್ಥ: ಕಾರ್ಖಾನೆಯಲ್ಲಿ ತುಂಬಿದ ಗ್ರೀಸ್ ತೊಳೆದುಹೋಗುತ್ತದೆ, ಎರಡು ವಾರ ಹಗುರಾದಂತೆ ಅನ್ನಿಸಿ ಮತ್ತೆ ಮೊದಲಿಗಿಂತ ಬಿಗಿಯಾಗುತ್ತದೆ.

ಕಣ್ಣಿಗೆ ಏನೂ ಕಾಣದಿದ್ದರೆ ಈಗ ಬೇರ್ಪಡಿಸುವ ಪರೀಕ್ಷೆ. ಇದಕ್ಕೆ ಬೇಕಾದ್ದು ಎರಡು ಸ್ಪ್ಯಾನರ್, ಅರ್ಧ ಗಂಟೆ.

ಡ್ರ್ಯಾಗ್ ಲಿಂಕನ್ನು ರ‍್ಯಾಮ್‌ನ ತುದಿಯಿಂದ ಬಿಚ್ಚಿ. ವಾಷರ್‌ಗಳು ಯಾವ ಕ್ರಮದಲ್ಲಿದ್ದವೆಂದು ಮೊದಲೇ ಒಂದು ಫೋಟೋ ತೆಗೆದುಕೊಳ್ಳಿ. ಈಗ ಎಂಜಿನ್ನನ್ನು ಕೈಯಿಂದ ಎಡಕ್ಕೆ ಬಲಕ್ಕೆ ತಳ್ಳಿ ನೋಡಿ. ಸರಿಯಾದ ಎಂಜಿನ್ ಭಾರವೆನಿಸಿದರೂ ಎಲ್ಲೂ ತಡೆಯದೆ ಒಂದೇ ಸಮನೆ ತಿರುಗುತ್ತದೆ. ಎರಡೂ ಕೈಯಲ್ಲಿ ಜಗ್ಗಿದರೂ ಬಾರದಿದ್ದರೆ ದೋಷ ಸ್ವಿವೆಲ್‌ನಲ್ಲಿದೆ, ಕೇಬಲ್ ನಿರಪರಾಧಿ. ಸ್ವಿವೆಲ್‌ನ ಗ್ರೀಸ್ ನಿಪ್ಪಲ್‌ಗೆ ಮೆರೀನ್ ಗ್ರೀಸ್ ಹೊಡೆಯುತ್ತಾ ಎಂಜಿನ್ನನ್ನು ಸ್ವಲ್ಪ ಸ್ವಲ್ಪವೇ ಆಡಿಸಿ. ಮೇಲೂ ಕೆಳಗೂ ಹಳೆಯ ಕಪ್ಪು ಗ್ರೀಸ್ ಹೊರಬಂದು, ಹಿಂದೆಯೇ ಹೊಸದು ಕಾಣಿಸುವವರೆಗೆ ಬಿಡಬೇಡಿ. ಗನ್ ಒತ್ತಿದರೂ ಗ್ರೀಸ್ ಒಳಗೆ ಹೋಗದಿದ್ದರೆ ನಿಪ್ಪಲ್ ಕಳಚಿ, ರಂಧ್ರದೊಳಗೆ ಮೇಣದಂತೆ ಗಟ್ಟಿಯಾದ ಹಳೆಯ ಗ್ರೀಸನ್ನು ತಂತಿಯಿಂದ ಕೆದಕಿ ತೆಗೆದು, ಹೊಸ ನಿಪ್ಪಲ್ ಹಾಕಿ. ಹಾಗೂ ಒಂದಿಷ್ಟೂ ಮಿಸುಕದಿದ್ದರೆ ಎಂಜಿನ್ ಇಳಿಸಿ ಸ್ವಿವೆಲ್ ಬಿಚ್ಚಬೇಕು. ಆ ಕೆಲಸ ವರ್ಕ್‌ಶಾಪಿಗೆ ಬಿಡಿ.

ಎಂಜಿನ್ ಸಲೀಸಾಗಿ ತಿರುಗಿತೆನ್ನಿ. ಈಗ ಲಿಂಕ್ ಇಲ್ಲದೆಯೇ ಚಕ್ರ ತಿರುಗಿಸಿ. ಇನ್ನೂ ಬಿಗಿಯೇ? ಹಾಗಾದರೆ ಟಿಲ್ಟ್ ಟ್ಯೂಬ್‌ನ ಬಾಯಿಯಲ್ಲಿ ಕೇಬಲನ್ನು ಹಿಡಿದಿರುವ ದೊಡ್ಡ ನಟ್ ಬಿಚ್ಚಿ, ಕೇಬಲನ್ನು ಹಿಂದಕ್ಕೆ ಎಳೆದು ರ‍್ಯಾಮನ್ನು ಟ್ಯೂಬ್‌ನಿಂದ ಹೊರತೆಗೆಯಿರಿ. ರ‍್ಯಾಮ್ ಹೊರಬಂದ ಮೇಲೆ ಚಕ್ರ ಹಗುರಾಯಿತೆಂದರೆ ದೋಷ ಟ್ಯೂಬ್‌ನದು. ಹೊರಬಂದ ಮೇಲೂ ಬಿಗಿಯಾಗಿದ್ದರೆ ಉಳಿದದ್ದು ಕೇಬಲ್ ಮತ್ತು ಹೆಲ್ಮ್. ಕೇಬಲನ್ನು ಹೆಲ್ಮ್‌ನಿಂದ ಬಿಡಿಸಿ ಬರೀ ಚಕ್ರ ತಿರುಗಿಸಿ ನೋಡಿ: ಒಂದು ಬೆರಳಿಗೆ ತಿರುಗಿದರೆ ಹೆಲ್ಮ್ ಸರಿಯಿದೆ, ಕೇಬಲ್ ಹೋಗಿದೆ. ಗರಗರ ಅನ್ನಿಸಿದರೆ, ಅಲ್ಲಲ್ಲಿ ಹಿಡಿದು ಬಿಟ್ಟ ಹಾಗಾದರೆ ಹೆಲ್ಮ್ ಕೂಡ ಹೋಗಿದೆ.

ಟ್ಯೂಬ್‌ನಲ್ಲಿ ರ‍್ಯಾಮ್ ಕಚ್ಚಿಕೊಂಡಿದ್ದರೆ

ಉಪ್ಪುನೀರಿನ ಬೋಟ್‌ಗಳಲ್ಲಿ ಸಮಯ ತಿನ್ನುವುದು ಇದೇ ಭಾಗ. ಟ್ಯೂಬ್‌ನೊಳಗಿನ ಗ್ರೀಸ್ ಒಣಗಿ, ಉಪ್ಪು, ತುಕ್ಕು ಎಲ್ಲ ಸೇರಿ ಸಿಮೆಂಟಿನಂತೆ ಹಿಡಿದುಕೊಳ್ಳುತ್ತದೆ. ಎರಡೂ ತುದಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ ಮತ್ತೆ ಹಾಕಿ. ದೊಡ್ಡ ನಟ್ ಪೂರ್ತಿ ಬಿಚ್ಚಿದೆಯೇ, ಕೇಬಲ್‌ನ ಇನ್ನೊಂದು ತುದಿ ಹೆಲ್ಮ್‌ನಿಂದ ಕಳಚಿದೆಯೇ ನೋಡಿಕೊಂಡು, ರ‍್ಯಾಮ್‌ನ ತುದಿಗೆ ಹಿತ್ತಾಳೆಯ ಅಥವಾ ಗಟ್ಟಿ ಮರದ ತುಂಡು ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಕಾಲಿಂಚು ಸರಿದರೆ ಸಾಕು, ಗೆದ್ದಂತೆ. ವಾಪಸ್ ತಳ್ಳಿ, ಎಣ್ಣೆ ಹಾಕಿ, ಮತ್ತೆ ಬಡಿಯಿರಿ. ಹಿಂದೆ ಮುಂದೆ ಆಡಿಸುತ್ತಲೇ ದಾರಿ ಮಾಡಿಕೊಳ್ಳಬೇಕು, ಒಂದೇ ಏಟಿಗೆ ಹೊರತಳ್ಳುವ ಆಸೆ ಬೇಡ. ಸುತ್ತಿಗೆಯಿಂದ ನೇರವಾಗಿ ಹೊಡೆದರೆ ರ‍್ಯಾಮ್‌ನ ತುದಿ ಅಣಬೆಯಂತೆ ಹರಡಿಕೊಳ್ಳುತ್ತದೆ, ಆಮೇಲೆ ಅದು ಟ್ಯೂಬ್‌ನಿಂದ ಹೊರಬರುವುದೇ ಇಲ್ಲ. ಟ್ಯೂಬ್‌ನ ಬಾಯಿಯ ಮರೆಗೂ (ನಟ್ ಕಚ್ಚಿಕೊಳ್ಳುವ ತಿರುಪಿನ ಗೆರೆಗಳಿಗೂ) ಪೆಟ್ಟು ತಾಗಬಾರದು. ಮರೆ ಕೆಟ್ಟರೆ ಹೊಸ ಕೇಬಲ್‌ನ ನಟ್ ಹಿಡಿಯುವುದಿಲ್ಲ.

ಬಿಸಿ ಮಾಡಿದರೆ ಬೇಗ ಬಿಡುತ್ತದೆ ಎಂಬುದು ನಿಜ. ಆದರೆ ಇಂಧನದ ಹೋಸ್‌ಗೆ ಒಂದು ಗೇಣು ದೂರದಲ್ಲಿ ಬೆಂಕಿ ಹಿಡಿಯುವುದು ಹುಚ್ಚುತನ. ಹಾಟ್ ಏರ್ ಗನ್ ಬಳಸಿ, ಟ್ಯಾಂಕನ್ನು ಮೊದಲೇ ಬೋಟ್‌ನಿಂದ ಇಳಿಸಿ, ಎಣ್ಣೆ ಹಾಕಿದ ಜಾಗವನ್ನು ಒರೆಸಿ. ಎರಡು ದಿನ ಎಣ್ಣೆ ಕುಡಿಸಿ ಬಡಿದರೂ ಕೂದಲೆಳೆಯಷ್ಟೂ ಸರಿಯದಿದ್ದರೆ ನಿಲ್ಲಿಸಿ. ಮುಂದಿನ ದಾರಿ ಎಂಜಿನ್ನನ್ನು ಎತ್ತಿ ಹಿಡಿದು ಟ್ಯೂಬನ್ನೇ ಹೊರತೆಗೆದು ಪ್ರೆಸ್‌ನಲ್ಲಿ ಒತ್ತುವುದು.

ರ‍್ಯಾಮ್ ಹೊರಬಂದ ಮೇಲೆ ಅದನ್ನು ಸಮತಟ್ಟು ಗಾಜಿನ ಮೇಲೆ ಉರುಳಿಸಿ. ನೇರವಾಗಿದ್ದರೆ ಸದ್ದಿಲ್ಲದೆ ಉರುಳುತ್ತದೆ. ಬಾಗಿದ್ದರೆ ಟಕ್ ಟಕ್ ಎಂದು ಎತ್ತಿಹಾಕುತ್ತದೆ. ಬಾಗಿದ ರ‍್ಯಾಮನ್ನು ನೇರ ಮಾಡಿ ಹಾಕುವಂತಿಲ್ಲ. ಮೈಮೇಲೆ ಉಗುರಿಗೆ ಸಿಗುವಷ್ಟು ಆಳದ ಗುಳಿ ಬಿದ್ದಿದ್ದರೂ ಕೇಬಲ್ ಹೋದ ಹಾಗೆಯೇ. ಎರಡೂ ಇಲ್ಲದಿದ್ದರೆ, ಕೇಬಲ್ ಕೈಯಲ್ಲಿ ಹಗುರಾಗಿ ಓಡುತ್ತಿದ್ದರೆ, ಹಣ ಉಳಿಯಿತು. ಟ್ಯೂಬ್‌ನೊಳಗೆ 5/8 ಇಂಚಿನ ಗುಂಡನೆಯ ತಂತಿ ಬ್ರಷ್ ಆಡಿಸಿ, ಕೋಲಿಗೆ ಸುತ್ತಿದ ಬಟ್ಟೆಯಿಂದ ಒರೆಸಿ. ಬಟ್ಟೆ ಕಂದಾಗದೆ ಹೊರಬರುವವರೆಗೆ ಈ ಕೆಲಸ ಮುಗಿದಿಲ್ಲ. ಒಂದು ತುದಿಯಿಂದ ಟಾರ್ಚ್ ಹಿಡಿದು ಇನ್ನೊಂದರಿಂದ ನೋಡಿ; ಗೋಡೆ ಹೊಳೆಯಬೇಕು. ಆಮೇಲೆ ರ‍್ಯಾಮ್‌ಗೆ ತೆಳುವಾಗಿ ಮೆರೀನ್ ಗ್ರೀಸ್ ಸವರಿ ಸೇರಿಸಿ.

ಟಿಲ್ಟ್ ಟ್ಯೂಬ್‌ಗೆ ಗ್ರೀಸ್ ನಿಪ್ಪಲ್ ಇದ್ದರೆ ಒಂದು ಎಚ್ಚರ. ಗ್ರೀಸ್ ಹೊಡೆಯುವಾಗ ರ‍್ಯಾಮ್ ಪೂರ್ತಿ ಟ್ಯೂಬ್‌ನೊಳಗೆ ಹಿಂತಿರುಗಿರಬೇಕು. ಹೊರಗೆ ಚಾಚಿಕೊಂಡಿರುವಾಗ ಹೊಡೆದರೆ ಖಾಲಿ ಜಾಗವೆಲ್ಲ ಗ್ರೀಸ್ ತುಂಬಿ, ರ‍್ಯಾಮ್ ಹಿಂತಿರುಗಲು ಎಡೆಯೇ ಇಲ್ಲದೆ ಅಲ್ಲೇ ಲಾಕ್ ಆಗುತ್ತದೆ. ಗ್ರೀಸ್ ಹೊಡೆದ ಮರುದಿನವೇ ಸ್ಟೀರಿಂಗ್ ಒಂದು ಕಡೆಗೆ ಹಿಡಿದುಕೊಂಡಿದ್ದರೆ ಕಾರಣ ಬೇರೆ ಹುಡುಕಬೇಡಿ. ಕೇಬಲ್ ನಟ್ ಬಿಚ್ಚಿ, ರ‍್ಯಾಮ್ ಹೊರತೆಗೆದು, ಹೆಚ್ಚಾದ ಗ್ರೀಸನ್ನು ಒರೆಸಿ ತೆಗೆಯಿರಿ.

ಚಕ್ರ ತಿರುಗಿಸಿದರೂ ಎಂಜಿನ್ ತಡವಾಗಿ ತಿರುಗುತ್ತದೆ

ಬಿಗಿಯಾದ ಸ್ಟೀರಿಂಗ್ ಸುಸ್ತು ಮಾಡುತ್ತದೆ. ಸಡಿಲವಾದದ್ದು ಅಪಾಯ ತರುತ್ತದೆ. ಇಬ್ಬರು ಬೇಕು. ಒಬ್ಬರು ಚಕ್ರವನ್ನು ಒಂದೆರಡು ಇಂಚಿನಷ್ಟೇ ಎಡಕ್ಕೆ ಬಲಕ್ಕೆ ಆಡಿಸುತ್ತಿರಲಿ. ಇನ್ನೊಬ್ಬರು ಹಿಂದಿನಿಂದ ಒಂದೊಂದೇ ಕೂಡಿಕೆಯ ಮೇಲೆ ಹೆಬ್ಬೆರಳಿಡಲಿ, ಬೆರಳಿನ ಅರ್ಧ ಒಂದು ಭಾಗದ ಮೇಲೆ, ಅರ್ಧ ಇನ್ನೊಂದರ ಮೇಲೆ. ಎರಡು ಭಾಗಗಳ ನಡುವೆ ಅಂತರವಿದ್ದರೆ ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ಟಕ್ಕನೆ ತಿಳಿಯುತ್ತದೆ.

ಎಂಜಿನ್ ಕಡೆಯಿಂದ ಶುರು ಮಾಡಿ, ಅಲ್ಲಿನ ರಿಪೇರಿಯೇ ಅಗ್ಗ. ಎಂಜಿನ್ನನ್ನು ಟ್ರಾನ್ಸಮ್‌ಗೆ, ಅಂದರೆ ಬೋಟ್‌ನ ಹಿಂದಿನ ಗೋಡೆಗೆ, ಹಿಡಿದಿರುವ ಬೋಲ್ಟ್‌ಗಳು ಸಡಿಲವೇ? ಡ್ರ್ಯಾಗ್ ಲಿಂಕ್‌ನ ಎರಡು ತುದಿಯ ಬೋಲ್ಟ್‌ಗಳು ಸವೆದಿವೆಯೇ, ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿದೆಯೇ? ಲಿಂಕ್ ಸವೆದಿದ್ದರೆ ಬೋಲ್ಟ್, ನಟ್ ಸಮೇತ ಹೊಸ ಕಿಟ್ ಹಾಕಿ. ಇಲ್ಲಿ ಸಾಮಾನ್ಯ ನಟ್ ಯಾವತ್ತೂ ಸಲ್ಲದು, ಒಳಗೆ ನೈಲಾನ್ ಬಳೆಯಿರುವ ನೈಲಾಕ್ ನಟ್ಟೇ ಬೇಕು; ಒಮ್ಮೆ ಬಿಚ್ಚಿದ ನೈಲಾಕ್ ನಟ್‌ನ ಹಿಡಿತ ಕಡಿಮೆಯಾಗಿರುತ್ತದೆ, ಮತ್ತೆ ಹಾಕುವಾಗ ಹೊಸದು. ಸಡಿಲವಾದ ಸಾದಾ ನಟ್ ಕಂಪನಕ್ಕೆ ಬಿಚ್ಚಿಕೊಂಡರೆ ಎಂಜಿನ್ ತನಗೆ ಬೇಕಾದ ಕಡೆ ಹೊರಳುತ್ತದೆ, ಬೋಟ್ ಗಿರಕಿ ಹೊಡೆದು ಜನರನ್ನು ಹೊರಗೆ ಎಸೆಯುತ್ತದೆ. ಒಂದು ನಟ್‌ನ ಮಾತು ಇದು.

ಮುಂದೆ ಟಿಲ್ಟ್ ಟ್ಯೂಬ್‌ನ ಕೇಬಲ್ ನಟ್. ಅದು ಸಡಿಲವಿದ್ದರೆ ಚಕ್ರ ತಿರುಗಿಸಿದಾಗ ಮೊದಲು ಕೇಬಲ್‌ನ ಮೈಯೇ ಸರಿಯುತ್ತದೆ, ಆಮೇಲೆ ರ‍್ಯಾಮ್. ಬಿಗಿದರೆ ಸರಿಹೋಯಿತು. ಅಲ್ಲೂ ಏನೂ ಸಿಗದಿದ್ದರೆ ಕವಚವನ್ನು ಹಿಡಿದುಕೊಂಡು ರ‍್ಯಾಮ್ ನೋಡಿ: ಹೆಲ್ಮ್‌ನ ಗೇರ್ ತಿರುಗುವುದು ಕೇಳಿಸುತ್ತದೆ, ಕವಚ ಅಲುಗುವುದಿಲ್ಲ, ಆದರೂ ರ‍್ಯಾಮ್ ತಡವಾಗಿ ಹೊರಡುತ್ತದೆ ಎಂದರೆ ಒಳತಂತಿ ಮತ್ತು ಕವಚದ ಒಳಪದರ ಸವೆದು ನಡುವೆ ಜಾಗ ಬಿದ್ದಿದೆ. ಇದಕ್ಕೆ ಹೊಂದಿಸುವ ಸ್ಕ್ರೂ ಇಲ್ಲ. ಕೇಬಲ್ ಬದಲಿಸಬೇಕು.

ಕಟಕ್ ಸದ್ದು, ಚಕ್ರ ಜಾರಿದ ಅನುಭವ

ರೋಟರಿ ಹೆಲ್ಮ್‌ಗಳಲ್ಲಿ ಒಳತಂತಿಯ ಮೇಲೆ ಸ್ಪ್ರಿಂಗಿನಂತೆ ಸುತ್ತಿದ ತಂತಿ ಇರುತ್ತದೆ. ಹೆಲ್ಮ್‌ನ ಗೇರ್ ಆ ಸುರುಳಿಯ ಸಂದುಗಳಲ್ಲಿ ಕೂತು ತಂತಿಯನ್ನು ತಳ್ಳುತ್ತದೆ. ಸುರುಳಿ ಸವೆದರೆ ಹಲ್ಲು ಒಂದೊಂದು ಸಂದು ಹಾರುತ್ತದೆ. ಆ ಹಾರುವ ಸದ್ದೇ ಕಟಕ್. ಇದು ಎಚ್ಚರಿಕೆಯ ಹಂತ ದಾಟಿಹೋದ ಸೂಚನೆ, ಆ ಬೋಟನ್ನು ನೀರಿಗೆ ಇಳಿಸಬೇಡಿ. ಕೇಬಲ್, ಹೆಲ್ಮ್ ಎರಡನ್ನೂ ಒಟ್ಟಿಗೆ ಬದಲಾಯಿಸಿ. ಸವೆದ ಗೇರ್ ಮೇಲೆ ಹೊಸ ಕೇಬಲ್ ಹಾಕಿದರೆ ಗೇರ್ ಅದನ್ನೂ ತಿನ್ನುತ್ತದೆ.

ಬೋಟ್ ಒಂದೇ ಕಡೆಗೆ ಎಳೆಯುತ್ತದೆ

ಇದು ಬಹುಪಾಲು ಕೇಬಲ್ ದೋಷವಲ್ಲ. ಪ್ರೊಪೆಲರ್ ತಿರುಗುವ ಬಲವೇ ಎಂಜಿನ್ನನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ. ಎಂಜಿನ್‌ನ ಕೆಳಭಾಗದಲ್ಲಿ, ಪ್ರೊಪೆಲರ್‌ನ ಮೇಲೆ, ಮೀನಿನ ರೆಕ್ಕೆಯಂಥ ಚಿಕ್ಕ ಟ್ರಿಮ್ ಟ್ಯಾಬ್ ಇದ್ದರೆ ಅದರ ಬೋಲ್ಟ್ ಸಡಿಲಿಸಿ, ಬೋಟ್ ಬಲಕ್ಕೆ ಎಳೆಯುತ್ತಿದ್ದರೆ ಟ್ಯಾಬ್‌ನ ಹಿಂದಂಚನ್ನು ಬಲಕ್ಕೆ, ಎಡಕ್ಕೆ ಎಳೆಯುತ್ತಿದ್ದರೆ ಎಡಕ್ಕೆ ಕೊಂಚವೇ ತಿರುಗಿಸಿ ಬಿಗಿಯಿರಿ. ಓಡಿಸಿ ನೋಡಿ, ಮತ್ತೆ ಕೊಂಚ. ಎಂಜಿನ್ ಪೂರ್ತಿ ಕೆಳಗೆ ಅಥವಾ ತೀರ ಮೇಲಕ್ಕೆ ಟ್ರಿಮ್ ಆಗಿದ್ದರೂ ಎಳೆತ ಹೆಚ್ಚುತ್ತದೆ.

ಆದರೆ ದಡದಲ್ಲಿ, ಎಂಜಿನ್ ನಿಂತಿರುವಾಗಲೂ ಒಂದೇ ಕಡೆಗೆ ಬಿಗಿ, ಇನ್ನೊಂದು ಕಡೆಗೆ ಹಗುರ ಎಂದಾದರೆ ಅದು ಬೇರೆ ಕಥೆ: ಕೇಬಲ್‌ನಲ್ಲಿ ಮಡಿಕೆ ಬಿದ್ದಿದೆ ಅಥವಾ ರ‍್ಯಾಮ್ ಬಾಗಿದೆ. ಮೇಲಿನ ಬೇರ್ಪಡಿಸುವ ಪರೀಕ್ಷೆಗೆ ಮರಳಿ.

ಹೆಲ್ಮ್‌ನಲ್ಲಿ ನೋ ಫೀಡ್‌ಬ್ಯಾಕ್ ವ್ಯವಸ್ಥೆ ಇದ್ದರೆ ಎಂಜಿನ್ ಕಡೆಯಿಂದ ತಳ್ಳಿದಾಗ ಚಕ್ರ ತಿರುಗುವುದಿಲ್ಲ. ಅದು ಹಾಗೇ ಇರಬೇಕಾದ್ದು, ಜಾಮ್ ಎಂದು ತಿಳಿಯಬೇಡಿ.

ಎಂಜಿನ್ ಎತ್ತಿದಾಗ ಮಾತ್ರ ಬಿಗಿ

ಎಂಜಿನ್ ಮೇಲೆ ಬಂದಂತೆ ಕೇಬಲ್ ಎಲ್ಲೋ ಟ್ರಾನ್ಸಮ್‌ಗೆ, ಬ್ಯಾಟರಿ ಪೆಟ್ಟಿಗೆಗೆ ತಾಗಿ ಮಡಚಿಕೊಳ್ಳುತ್ತಿದೆ. ನಿಧಾನಕ್ಕೆ ಎತ್ತುತ್ತಾ ತಾಗುವ ಜಾಗ ಹುಡುಕಿ, ಕ್ಲಾಂಪ್ ಸರಿಸಿ. ಕೇಬಲ್ ಅಳತೆಗಿಂತ ಗಿಡ್ಡವಾಗಿದ್ದರೂ ಹೀಗಾಗುತ್ತದೆ.

ಪವರ್ ಸ್ಟೀರಿಂಗ್ ಇರುವ ಸ್ಟರ್ನ್‌ಡ್ರೈವ್

ಸ್ಟರ್ನ್‌ಡ್ರೈವ್ ಎಂದರೆ ಎಂಜಿನ್ ಬೋಟ್‌ನೊಳಗೆ, ಪ್ರೊಪೆಲರ್ ಇರುವ ಡ್ರೈವ್ ಹಿಂಬದಿಯ ಹೊರಗೆ. ಎಂಜಿನ್ ನಿಂತಾಗ ಚಕ್ರ ಭಾರವಾಗಿರುವುದು ಸಹಜ. ಚಾಲೂ ಆದ ಮೇಲೂ ಭಾರವಿದ್ದರೆ ಪಂಪಿನ ಬೆಲ್ಟ್, ಎಣ್ಣೆಯ ಮಟ್ಟ ಮೊದಲು ನೋಡಿ. ಎರಡೂ ಸರಿಯಿದ್ದರೆ, ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಕಾರಣವಿದೆ. ಮರ್‌ಕ್ರೂಸರ್‌ನಂಥ ಡ್ರೈವ್‌ಗಳಲ್ಲಿ ಪವರ್ ಸ್ಟೀರಿಂಗ್‌ನ ಕವಾಟವನ್ನು ತಳ್ಳುವುದು ಕೇಬಲ್‌ನ ಹೊರಕವಚದ ಚಿಕ್ಕ ಚಲನೆ. ಎಂಜಿನ್ ಬಳಿ ಕವಚ ಹಿಂದೆ ಮುಂದೆ ಸರಿಯಲು ಬಿಡುವಿರಬೇಕು. ಅಲ್ಲಿ ಯಾರಾದರೂ ಅಚ್ಚುಕಟ್ಟು ಮಾಡಲು ಹೋಗಿ ಕೇಬಲನ್ನು ವೈರ್‌ಗಳ ಜೊತೆ ಬಿಗಿದು ಕಟ್ಟಿದ್ದರೆ ಕವಾಟ ತೆರೆಯುವುದೇ ಇಲ್ಲ. ಕಟ್ಟು ಕತ್ತರಿಸಿ ನೋಡಿ. ಎಷ್ಟೋ ಸಲ ರಿಪೇರಿ ಅಲ್ಲಿಗೇ ಮುಗಿಯುತ್ತದೆ. ಇಲ್ಲದಿದ್ದರೆ ಪಂಪ್, ಕವಾಟ ತಿಳಿದವರ ಕೈಗೆ ಕೊಡಿ.

ತೀರ ಹಳೆಯ ಬೋಟ್: ರಾಟೆ ಮತ್ತು ತಂತಿಹಗ್ಗ

ಚಕ್ರದ ಹಿಂದೆ ಡ್ರಮ್, ಬೋಟ್‌ನ ಎರಡೂ ಪಕ್ಕದಲ್ಲಿ ರಾಟೆಗಳ ಮೇಲೆ ಹಾದುಹೋಗುವ ತಂತಿಹಗ್ಗ, ಹಿಂದೆ ಬಿಗಿ ಹಿಡಿಯುವ ಸ್ಪ್ರಿಂಗ್‌ಗಳು. ಹತ್ತಿಬಟ್ಟೆಯ ತುಂಡಿನಲ್ಲಿ ತಂತಿಯನ್ನು ಹಿಡಿದು ಉದ್ದಕ್ಕೂ ಎಳೆಯಿರಿ, ಬರಿಗೈ ಬೇಡ. ಬಟ್ಟೆ ಎಲ್ಲಿ ಸಿಕ್ಕಿಕೊಂಡು ನೂಲು ಬಿಡುತ್ತದೋ ಅಲ್ಲಿ ಎಳೆ ತುಂಡಾಗಿದೆ. ರಾಟೆಯ ಮೇಲೆ ಬಾಗುವ ಜಾಗಗಳನ್ನು ವಿಶೇಷವಾಗಿ ನೋಡಿ, ತುಂಡಾಗುವುದು ಅಲ್ಲೇ. ಪ್ಲಾಸ್ಟಿಕ್ ಲೇಪನ ಒಡೆದು ಕಂದು ಕಾಣಿಸಿದರೆ ಒಳಗೆ ಲೆಕ್ಕವಿಲ್ಲದಷ್ಟು ಎಳೆ ಹೋಗಿರುತ್ತದೆ. ಒಂದು ಎಳೆ ತುಂಡಾದರೂ ಇಡೀ ತಂತಿ ಬದಲಿಸಿ, ನಡುವೆ ಕ್ಲಿಪ್ ಹಾಕಿ ಜೋಡಿಸಬೇಡಿ. ತುದಿಯಲ್ಲಿ ಕ್ಲಿಪ್ ಹಾಕುವಾಗ ಯು ಆಕಾರದ ಸರಳು ಮಡಚಿದ ತುದಿಯ ಮೇಲೆ ಬರಬೇಕು, ಅದರ ಪೀಠ ಭಾರ ಹೊರುವ ಎಳೆಯ ಮೇಲೆ; ತಿರುಗಾಮುರುಗಾ ಹಾಕಿದರೆ ಸರಳು ಭಾರದ ಎಳೆಯನ್ನೇ ಜಜ್ಜುತ್ತದೆ. ನಿಜ ಹೇಳಬೇಕೆಂದರೆ, ಇಷ್ಟು ಕೈ ಹಾಕುವ ಹೊತ್ತಿಗೆ ತಳ್ಳು-ಎಳೆ ಕೇಬಲ್ ಕಿಟ್‌ಗೆ ಬದಲಾಗುವುದೇ ಒಳ್ಳೆಯದು.

ಹೊಸ ಕೇಬಲ್: ಅಳತೆ

ಕವಚದ ಮೇಲೆ, ಹೆಚ್ಚಾಗಿ ಹೆಲ್ಮ್ ಹತ್ತಿರ, ಅಚ್ಚಾದ ಪಾರ್ಟ್ ನಂಬರ್ ಹುಡುಕಿ. ಟೆಲಿಫ್ಲೆಕ್ಸ್ ಕೇಬಲ್‌ಗಳಲ್ಲಿ ಕೊನೆಯ ಎರಡು ಅಂಕಿಗಳೇ ಅಡಿಗಳಲ್ಲಿ ಉದ್ದ: 14 ಎಂದು ಮುಗಿದರೆ 14 ಅಡಿ. ಆ ಹೆಸರು ಈಗ ಅಂಗಡಿಯಲ್ಲಿ ಸಿಗದೆ ಗಾಬರಿಯಾಗಬೇಡಿ. 2011ರಿಂದ ಅದೇ ಸಾಲಿನ ಸಾಮಾನು ಸೀಸ್ಟಾರ್ ಹೆಸರಿನಲ್ಲಿ, ಆಮೇಲೆ ಡೊಮೆಟಿಕ್ ಕೈಗೆ ಹೋಯಿತು.

ನಂಬರ್ ಅಳಿಸಿಹೋಗಿದ್ದರೆ ಹಳೆಯ ಕೇಬಲ್‌ನ ಪ್ಲಾಸ್ಟಿಕ್ ಕವಚವನ್ನು ಮಾತ್ರ ತುದಿಯಿಂದ ತುದಿಗೆ ಅಳೆಯಿರಿ. ರೋಟರಿ ಹೆಲ್ಮ್ ಆದರೆ 18 ಇಂಚು, ರ‍್ಯಾಕ್ ಹೆಲ್ಮ್ (ಗೇರ್ ಹಲ್ಲಿನ ನೇರ ಸರಳನ್ನು ಸರಿಸುವ ಬಗೆ) ಆದರೆ 30 ಇಂಚು ಸೇರಿಸಿ, ಮುಂದಿನ ಪೂರ್ತಿ ಅಡಿಗೆ ಏರಿಸಿ. ಕವಚ 145 ಇಂಚು ಬಂದು ಹೆಲ್ಮ್ ರೋಟರಿಯಾದರೆ 163 ಇಂಚು, ಅಂದರೆ 14 ಅಡಿಯ ಕೇಬಲ್. ಗಿಡ್ಡ ಕೇಬಲ್ ತಿರುವುಗಳನ್ನು ಬಿಗಿ ಮಾಡುತ್ತದೆ, ಉದ್ದದ್ದು ಎಲ್ಲೋ ಸುರುಳಿಯಾಗಿ ಕೂರುತ್ತದೆ. ಎರಡೂ ಬಿಗಿತಕ್ಕೇ ದಾರಿ. ಹೆಲ್ಮ್ ಕಡೆಯ ಕೂಡಿಕೆ ಒಂದೊಂದು ತಯಾರಕರದ್ದು, ಒಂದೊಂದು ಕಾಲದ್ದು ಒಂದೊಂದು ಥರ. ಹಳೆಯ ಹೆಲ್ಮ್‌ಗೆ ಹೊಂದುವ ಕೇಬಲ್ ಸಿಗದಿದ್ದರೆ ಹೆಲ್ಮ್, ಕೇಬಲ್ ಸೇರಿದ ಕಿಟ್ ತನ್ನಿ. ರ‍್ಯಾಕ್ ವ್ಯವಸ್ಥೆಯಲ್ಲಿ ಕೇಬಲ್ ರ‍್ಯಾಕ್ ಸಮೇತವೇ ಬರುತ್ತದೆ.

ಬದಲಾಯಿಸುವ ಕ್ರಮ

ಎಂಜಿನ್ ನಡುವಿಗೆ ನಿಲ್ಲಿಸಿ, ಚಕ್ರದ ತುತ್ತತುದಿಗೆ ಟೇಪ್ ಅಂಟಿಸಿ. ಲಿಂಕ್, ಟ್ಯೂಬ್‌ನ ನಟ್, ಹೆಲ್ಮ್‌ನ ಕೂಡಿಕೆ ಬಿಚ್ಚಿ. ಹಳೆಯ ಕೇಬಲ್ ಎಳೆಯುವ ಮೊದಲು ಅದರ ತುದಿಗೆ ಗಟ್ಟಿ ದಾರ ಕಟ್ಟಲು ಮರೆಯಬೇಡಿ. ಕೇಬಲ್ ಹೊರಬಂದಂತೆ ದಾರ ಅದರ ದಾರಿಯಲ್ಲಿ ಕೂರುತ್ತದೆ, ಹೊಸದನ್ನು ಅದೇ ದಾರ ಎಳೆದುಕೊಡುತ್ತದೆ. ಮರೆತರೆ ಬೋಟ್‌ನ ಪಕ್ಕದ ಗೋಡೆಯೊಳಗೆ ಕೈ ತೂರಿಸಿ ಅರ್ಧ ದಿನ ಕಳೆಯಬೇಕಾಗುತ್ತದೆ. ಹೊಸ ಕೇಬಲ್‌ನ ಬರಿ ತಂತಿಯ ತುದಿಗೆ ಟೇಪ್ ಸುತ್ತಿ ಕಳುಹಿಸಿ. ಮರಳು ಹತ್ತಿದರೆ ಹೆಲ್ಮ್‌ಗೆ ಹೋಗಿ ಸೇರುತ್ತದೆ.

ಹೆಲ್ಮ್ ಕೂಡ ಬದಲಿಸುವುದಾದರೆ ಚಕ್ರ ಕಳಚಲು ಪುಲ್ಲರ್ ಬಳಸಿ. ಶಾಫ್ಟ್‌ನ ತುದಿಗೆ ಸುತ್ತಿಗೆ ಹೊಡೆದರೆ ಚಕ್ರ ಬರುವ ಮೊದಲು ಹೆಲ್ಮ್ ಒಡೆಯುತ್ತದೆ. ರೋಟರಿ ಹೆಲ್ಮ್‌ಗೆ ತಂತಿಯ ತುದಿ ತೂರಿಸಿ, ಚಕ್ರ ತಿರುಗಿಸುತ್ತಾ ಒಳಗೆ ಎಳೆದುಕೊಳ್ಳಲು ಬಿಡಿ. ಕೂಡಿಕೆ ಕ್ಲಿಕ್ ಎಂದು ಕೂತ ಮೇಲೆ ಕೇಬಲನ್ನು ಎರಡೂ ಕೈಯಿಂದ ಜಗ್ಗಿ ನೋಡಿ. ಬಿಟ್ಟುಕೊಳ್ಳುವುದಿದ್ದರೆ ಇಲ್ಲೇ ಬಿಟ್ಟುಕೊಳ್ಳಲಿ, ನೀರಿನ ಮೇಲಲ್ಲ.

ಸ್ವಚ್ಛವಾದ ಟ್ಯೂಬ್‌ಗೆ ಗ್ರೀಸ್ ಸವರಿದ ರ‍್ಯಾಮ್ ಸೇರಿಸಿ, ನಟ್ಟನ್ನು ಮೊದಲು ಕೈಯಿಂದಲೇ ಕೊನೆಯವರೆಗೆ ತಿರುಗಿಸಿ. ಮರೆ ಅಡ್ಡ ಕಚ್ಚಿದರೆ ಟ್ಯೂಬ್ ಹೋಯಿತು. ಆಮೇಲೆ ಟಾರ್ಕ್ ರೆಂಚ್. ಅನೇಕ ಔಟ್‌ಬೋರ್ಡ್‌ಗಳಿಗೆ ಇದು 47 ನ್ಯೂಟನ್ ಮೀಟರ್, ಅಂದರೆ 35 ಪೌಂಡ್ ಅಡಿ. ನಿಮ್ಮ ಎಂಜಿನ್‌ನ ಪುಸ್ತಕ ಬೇರೆ ಹೇಳಿದರೆ ಅದೇ ಸರಿ. ಡ್ರ್ಯಾಗ್ ಲಿಂಕ್‌ನ ರ‍್ಯಾಮ್ ಕಡೆಯ ನೈಲಾಕ್ ನಟ್ಟನ್ನು ಕೂರುವವರೆಗೆ ಬಿಗಿದು, ಕಾಲು ಸುತ್ತು ಸಡಿಲಿಸುವುದು ಹೆಚ್ಚಿನ ಕಡೆಯ ವಿಧಾನ. ಆ ಕೀಲು ತಿರುಗಬೇಕು, ಪೂರ್ತಿ ಬಿಗಿದರೆ ಲಿಂಕ್ ಬಾಗುತ್ತದೆ. ಎಂಜಿನ್ ತೋಳಿನ ಕಡೆಯ ಬೋಲ್ಟ್ ಮಾತ್ರ ಪುಸ್ತಕದ ಟಾರ್ಕ್‌ಗೆ ಪೂರ್ತಿ ಬಿಗಿ.

ನೀರಿಗಿಳಿಸುವ ಮುನ್ನ

ಚಕ್ರವನ್ನು ಎರಡೂ ಕೊನೆಗೆ ತಿರುಗಿಸಿ ಸುತ್ತು ಎಣಿಸಿ. ನಡುವಿನಿಂದ ಎಡಕ್ಕೂ ಬಲಕ್ಕೂ ಸುತ್ತು ಸಮವಿರಬೇಕು, ಎಂಜಿನ್ ಎರಡೂ ಕಡೆ ಪೂರ್ತಿ ತಿರುಗಬೇಕು. ಒಂದು ಕಡೆಗೆ ಕಡಿಮೆ ಬಂದರೆ ಕೇಬಲ್ ನಡುವಿಗೆ ಸೇರಿಲ್ಲ. ಆಮೇಲೆ ಎಂಜಿನ್ ಪೂರ್ತಿ ಎತ್ತಿ ಎಡ, ಬಲ. ಪೂರ್ತಿ ಇಳಿಸಿ ಎಡ, ಬಲ. ನಾಲ್ಕು ಸ್ಥಾನದಲ್ಲೂ ಕೇಬಲ್, ಲಿಂಕ್ ಎಲ್ಲೂ ತಾಗಬಾರದು.

ಮೊದಲ ಓಟ ನಿಧಾನಗತಿಯಲ್ಲಿ, ತೆರೆದ ನೀರಿನಲ್ಲಿ, ಲೈಫ್ ಜಾಕೆಟ್ ತೊಟ್ಟು, ಕಿಲ್ ಸ್ವಿಚ್ ದಾರ ಮೈಗೆ ಕಟ್ಟಿಕೊಂಡು. ಓಡುವಾಗ ಸ್ಟೀರಿಂಗ್ ಕೈಕೊಟ್ಟರೆ ಮೊದಲು ಥ್ರಾಟಲ್ ಇಳಿಸಿ, ನ್ಯೂಟ್ರಲ್‌ಗೆ ತಂದು, ಎಂಜಿನ್ ನಿಲ್ಲಿಸಿ, ಆಂಕರ್ ಬಿಡಿ. ಓಡುತ್ತಿರುವ ಎಂಜಿನ್ನನ್ನು ಹಿಂದೆ ಬಾಗಿ ಕೈಯಿಂದ ಹಿಡಿದು ನಡೆಸಲು ಹೋಗಬೇಡಿ. ಸಹಾಯ ಕರೆಯಿರಿ ಅಥವಾ ಎಂಜಿನ್ ನಿಲ್ಲಿಸಿ ಹುಟ್ಟು ಹಾಕಿ.

ಮೊದಲ ಒಂದೆರಡು ಓಟಗಳ ನಂತರ ಟ್ಯೂಬ್‌ನ ನಟ್, ಲಿಂಕ್‌ನ ನಟ್‌ಗಳಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಬೋಟ್ ನಿಲ್ಲಿಸುವಾಗಲೆಲ್ಲ ರ‍್ಯಾಮ್ ಟ್ಯೂಬ್‌ನೊಳಗೆ ಹಿಂತಿರುಗುವ ಕಡೆಗೆ ಎಂಜಿನ್ ತಿರುಗಿಸಿ ಬಿಡಿ. ಹೊರಗೆ ಚಾಚಿ ನಿಂತ ರ‍್ಯಾಮ್ ಮೇಲೆ ಉಪ್ಪು ಕೂತು ಗುಳಿ ಬೀಳುತ್ತದೆ, ಮುಂದಿನ ಸಲ ಚಕ್ರ ತಿರುಗಿಸಿದಾಗ ಆ ಕೊಳೆಯೆಲ್ಲ ಟ್ಯೂಬ್‌ನೊಳಗೆ ಹೋಗುತ್ತದೆ.